ಎಂಟು ಇಂಚಿನ ತೋಳು

“ಗುರುಗಳೇ, ಜನ ಬಸ್ಸಿನಲ್ಲಿ ಪಕ್ಕ ಕೂತವನ ಹತ್ತಿರ ಮನೆಯ ಗೋಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಮನೆಯವರ ಹತ್ತಿರ ಮಾತ್ರ ನೋವನ್ನು ಮುಚ್ಚಿಡುತ್ತಾರೆ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನು ಹೊಲಿದ ಬಟ್ಟೆ ಮೈಮೇಲೆ ಸರಿಯಾಗಿ ಕೂರುತ್ತಿತ್ತು. ಆ ಊರಿನಲ್ಲಿ ಬೇರೆ ದರ್ಜಿಗಳೂ ಇದ್ದರು. ಅವರು ಹೊಲಿದದ್ದು ಕೂರುತ್ತಿರಲಿಲ್ಲ, ನೇತಾಡುತ್ತಿತ್ತು.

ಇವನ ಗುಟ್ಟು ಇಷ್ಟೇ. ಟೇಪಿನ ಮುಂದೆ ಯಾರೂ ನಿಜ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಕ್ಕಿ ವ್ಯಾಪಾರಿ ಅಳತೆಗೆ ನಿಂತರೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ. ದರ್ಜಿ ಎರಡು ಇಂಚು ಕೂಡಿಸುತ್ತಿದ್ದ. ಶಾಲೆಯ ಮೇಷ್ಟ್ರು ಎದೆ ಉಬ್ಬಿಸಿ ನಿಲ್ಲುತ್ತಿದ್ದರು. ಒಂದು ಇಂಚು ಕಳೆಯುತ್ತಿದ್ದ. ಮದುವೆಯ ಹುಡುಗಿ, “ಇನ್ನೊಂದು ತಿಂಗಳಲ್ಲಿ ಸಣ್ಣಗಾಗ್ತೀನಿ, ಬಿಗಿಯಾಗೇ ಹೊಲೀರಿ” ಎನ್ನುತ್ತಿದ್ದಳು. “ಆಗಲಿ ತಾಯಿ” ಎಂದು ಅವನು ಸಡಿಲವಾಗಿಯೇ ಹೊಲಿಯುತ್ತಿದ್ದ. ಮದುವೆಯ ದಿನ ಅದು ಬಿಗಿಯಾಗಿಯೇ ಇರುತ್ತಿತ್ತು. ಹೀಗೆ ಊರಿನವರ ಅಳತೆಯನ್ನೆಲ್ಲ ತಿದ್ದಿ ತಿದ್ದಿ ಅವನು ಹೆಸರು ಮಾಡಿದ.

ಮುಂದೆ ಅವನು ಒಂದು ಕಂಪ್ಯೂಟರು ಕೊಂಡ. ಅದರಲ್ಲೊಂದು ಸಾಫ್ಟ್‌ವೇರ್ ಇತ್ತು. ಅಳತೆಯ ಅಂಕಿಗಳನ್ನು ಕೊಟ್ಟರೆ ಸಾಕು, ರವಿಕೆಯ ಮುಂಭಾಗ, ಬೆನ್ನು, ತೋಳು ಎಲ್ಲದರ ಗೆರೆಯನ್ನೂ ತಾನೇ ಎಳೆದು ಕಾಗದದ ಮೇಲೆ ಇಳಿಸಿಕೊಡುತ್ತಿತ್ತು. ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುವುದಷ್ಟೇ ಉಳಿದ ಕೆಲಸ. ಒಮ್ಮೆ ಕೊಟ್ಟ ಅಳತೆಯನ್ನು ಅದು ಮರೆಯುತ್ತಿರಲಿಲ್ಲ.

ಪಕ್ಕದ ಅಂಗಡಿಯ ಬಳೆಗಾರ ಬಂದು ನೋಡಿದ. “ಇನ್ನೇನಯ್ಯಾ, ತಲೆ ಕೆಲಸವೆಲ್ಲ ಅದೇ ಮಾಡ್ತದೆ. ನೀನು ಗುಂಡಿ ಹಚ್ಕೊಂಡು ಕೂತ್ಕೋ” ಎಂದ.

“ಅದಕ್ಕೆ ಸುಳ್ಳು ಗೊತ್ತಾಗಲ್ಲಪ್ಪ. ನೀನು ಮೂವತ್ತೆರಡು ಅಂದ್ರೆ ಅದೂ ಮೂವತ್ತೆರಡೇ ಅಂತದೆ. ನಿನ್ನ ಹೊಟ್ಟೆ ನೋಡಿ ಮೂವತ್ತೆಂಟು ಅನ್ನೋಕೆ ನಾನೇ ಬೇಕು” ಎಂದ ದರ್ಜಿ.

ಬಳೆಗಾರನ ಹೊಟ್ಟೆ ಸ್ವಲ್ಪ ಒಳಗೆ ಹೋಯಿತು.

ದರ್ಜಿಗೆ ಒಬ್ಬಳೇ ಮಗಳು, ಹೊನ್ನಮ್ಮ. ತಾಯಿಯಿಲ್ಲದ ಹುಡುಗಿ. ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರಿಗೆ ಅವಳನ್ನು ಮದುವೆ ಮಾಡಿ ಕೊಟ್ಟಿದ್ದ.

ಗೌರಿ ಹಬ್ಬಕ್ಕೆ ತವರಿನಿಂದ ಮಗಳಿಗೆ ಸೀರೆ, ರವಿಕೆಯ ಬಟ್ಟೆ ಹೋಗಬೇಕು. ಬೇರೆ ತಂದೆಯರು ಬಟ್ಟೆ ಕಳಿಸಿ ಸುಮ್ಮನಾಗುತ್ತಿದ್ದರು. ಇವನು ರವಿಕೆಯನ್ನು ಹೊಲಿದೇ ಕಳಿಸುತ್ತಿದ್ದ. ಹಬ್ಬ ಹತ್ತಿರ ಬಂದಾಗ ಫೋನು ಮಾಡುತ್ತಿದ್ದ. ಮಗಳು ಅಂಕಿಗಳನ್ನಷ್ಟೇ ಹೇಳುತ್ತಿದ್ದಳು. ಎದೆ, ಸೊಂಟ, ತೋಳಿನ ಸುತ್ತಳತೆ ಎಂದು ಹೆಸರು ಹೇಳುತ್ತಿರಲಿಲ್ಲ. ದರ್ಜಿಯ ಮಗಳಿಗೆ ಅಂಕಿಗಳ ಸಾಲು ಗೊತ್ತು. ಅಪ್ಪನ ಮುಂದೆ ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಳು.

ಮೊದಲ ವರ್ಷ, “ಮೂವತ್ತಾರು, ಮೂವತ್ತು, ಹನ್ನೆರಡು” ಎಂದಳು. ರವಿಕೆ ಹೋಯಿತು. “ಚೆನ್ನಾಗಿ ಕೂತಿದೆ ಅಪ್ಪ” ಎಂದಳು. ಎರಡನೆಯ ವರ್ಷ, “ಹೋದ ವರ್ಷದ್ದೇ ಇರಲಿ ಅಪ್ಪ” ಎಂದಳು. ಹಾಗೇ ಆಯಿತು. ಅತ್ತೆ ಅವಳನ್ನು ತವರಿಗೆ ಕಳಿಸುತ್ತಿರಲಿಲ್ಲ. ತಾನೇ ಹೋಗಿ ನೋಡಿಕೊಂಡು ಬರಬೇಕೆಂದು ದರ್ಜಿ ಅಂದುಕೊಳ್ಳುತ್ತಿದ್ದ. ಆದರೆ ಹಬ್ಬದ ಮುಂದೆ ದರ್ಜಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಹಬ್ಬ ಮುಗಿದರೆ ಮದುವೆಗಳು. ಗಂಟನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ.

ಮೂರನೆಯ ವರ್ಷ ಮಗಳು ಅಂಕಿಗಳನ್ನು ನಿಧಾನವಾಗಿ ಹೇಳಿದಳು. “ಮೂವತ್ತು. ಇಪ್ಪತ್ತನಾಲ್ಕು. ಎಂಟು.”

ದರ್ಜಿ ಕೀಲಿಗಳ ಮೇಲೆ ಬೆರಳಾಡಿಸಿದ. ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ‘ಹೋದ ವರ್ಷದ ಅಳತೆಗೆ ಹೊಂದುತ್ತಿಲ್ಲ, ಇನ್ನೊಮ್ಮೆ ಅಳೆಯಿರಿ’ ಎಂದು ಬಂತು.

ದರ್ಜಿ ನಕ್ಕ. “ಏನವ್ವಾ ಹೊನ್ನಮ್ಮ, ನಿಂದು ಹೇಳು ಅಂದ್ರೆ ಪಕ್ಕದ್ಮನೆ ಮಗೂದು ಹೇಳ್ತಿದ್ದೀಯಲ್ಲ! ಎಂಟು ಇಂಚು ತೋಳಾ? ಗಿಳಿಗೆ ಹೊಲೀಬೇಕೇನವ್ವಾ ರವಿಕೆ?”

ಆ ಕಡೆ ಅತ್ತೆಯ ದನಿ ಕೇಳಿಸಿತು. “ಮುಗೀತಾ ಮಾತು?”

“ಎರಡು ಸಲ ಅಳೆದೆ ಅಪ್ಪ” ಎಂದಳು ಮಗಳು.

“ಟೇಪನ್ನ ತುದಿಯಿಂದ ಹಿಡೀಬೇಕು ಕಣೇ, ಮಧ್ಯದಿಂದಲ್ಲ. ದರ್ಜಿ ಮಗಳಾಗಿ ಮಾನ ಕಳೀಬೇಡ. ಹೋಗ್ಲಿ ಬಿಡು, ನಿನ್ನ ಅಳತೆ ನನ್ನ ಹತ್ರ ಇದೆ.”

“ಹಾಗೇ ಮಾಡಪ್ಪ” ಎಂದಳು ಮಗಳು.

ದರ್ಜಿ ಎಂಟನ್ನು ಅಳಿಸಿದ. ಹನ್ನೆರಡು ಬರೆದ. ಮೂವತ್ತು, ಇಪ್ಪತ್ತನಾಲ್ಕನ್ನೂ ಅಳಿಸಿ ಹಳೆಯದನ್ನೇ ಬರೆದ. ಕೆಂಪು ಗೆರೆ ಹೋಯಿತು. ನಕ್ಷೆ ಅಚ್ಚುಕಟ್ಟಾಗಿ ಬಂತು. ಗಿಳಿಯ ರವಿಕೆಯ ಕತೆಯನ್ನು ಅವನು ಆ ದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಎಲ್ಲರೂ ನಕ್ಕರು. ಬಳೆಗಾರ ಎರಡು ಸಲ ಹೇಳಿಸಿಕೊಂಡು ನಕ್ಕ.

ಹಬ್ಬವಾದ ಮೇಲೆ ಫೋನು ಮಾಡಿ, “ಹೇಗೆ ಕೂತಿದೆ?” ಎಂದು ಕೇಳಿದ.

“ನೀನು ಹೊಲಿದಿದ್ದೀಯಲ್ಲಪ್ಪ” ಎಂದಳು ಮಗಳು.

ಮಗಳು ಹೊಗಳಿದಳು ಎಂದುಕೊಂಡು ಅವನು ಸಂತೋಷಪಟ್ಟ.

ದೀಪಾವಳಿಗೆ ಮೂರು ದಿನ ಇರುವಾಗ ಸುದ್ದಿ ಬಂತು. ಎರಡು ದಿನದ ಜ್ವರ ಎಂದರು. ಮಗಳು ಹೋಗಿಬಿಟ್ಟಿದ್ದಳು.

ಕೊನೆಯ ಸೀರೆ ತವರಿನದೇ ಆಗಬೇಕು. ದರ್ಜಿ ಅಂಗಡಿಗೆ ಹೋದ. ಕಂಪ್ಯೂಟರು ಮಗಳ ಅಳತೆಯನ್ನು ಮರೆತಿರಲಿಲ್ಲ. ಅದು ಕಾಗದ ಇಳಿಸಿಕೊಟ್ಟಿತು. ಅವನು ಕತ್ತರಿಸಿದ, ಹೊಲಿದ. ಎರಡು ಬಸ್ಸು ಬದಲಿಸಿ ಹೋದ.

ಹೆಂಗಸರು ಸೀರೆ, ರವಿಕೆ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನೆರೆಮನೆಯ ಮುದುಕಿ ರವಿಕೆಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು.

“ಇದನ್ನ ಹೊಲಿದೋನು ಯಾರಯ್ಯ? ಇದರೊಳಗೆ ಅವಳಂಥ ಇಬ್ಬರು ಹಿಡೀತಾರೆ” ಎಂದಳು.

“ನಾನೇ ತಾಯಿ. ಅವಳಪ್ಪ” ಎಂದ.

ಮುದುಕಿ ಅವನ ಮುಖ ನೋಡಿದಳು. ದನಿ ತಗ್ಗಿಸಿದಳು. “ಈ ಮನೇಲಿ ಅತ್ತೆ ಉಂಡು ಮಿಕ್ಕಿದ್ದು ಸೊಸೆಗೆ ಕಣಪ್ಪ. ಎರಡು ವರ್ಷದಿಂದ ಮಿಕ್ಕಿದ್ದನ್ನ ನಾನು ನೋಡಿಲ್ಲ” ಎಂದಳು.

ಎಲ್ಲಿಗೆ ಹೋದರೂ ದರ್ಜಿಯ ಕೊರಳಲ್ಲಿ ಟೇಪು ಇರುತ್ತಿತ್ತು. ಆ ದಿನವೂ ಇತ್ತು. ಅವನು ಒಳಗೆ ಹೋದ. ಮಗಳ ಪಕ್ಕದಲ್ಲಿ ಕೂತ. ಟೇಪನ್ನು ತೋಳಿಗೆ ಸುತ್ತಿದ. ನೋಡಿದ. ಬಿಚ್ಚಿ ಇನ್ನೊಮ್ಮೆ ಸುತ್ತಿದ.

ಎಂಟು.

ಅವನು ಸೂಜಿ ದಾರ ಬೇಡಿದ. ಮೂಲೆಯಲ್ಲಿ ಕೂತು ಹೊಲಿಗೆ ಬಿಚ್ಚಿದ. ತೋಳನ್ನು ಎಂಟಕ್ಕೆ ಇಳಿಸಿದ. ಮಿಕ್ಕದ್ದನ್ನೂ ಅವಳು ಹೇಳಿದ ಹಾಗೇ ಇಳಿಸಿದ. ಹೊರಗೆ ಗಂಡಸರು ಹೊತ್ತಾಯಿತೆಂದು ಕರೆದರು. ಅವನು ಏಳಲಿಲ್ಲ. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟ.

ರವಿಕೆ ಸರಿಯಾಗಿ ಕೂತಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ.

“ಒಂದು ಮಾತು ತಿಳಿದಿದ್ದರೆ ಆ ಅಪ್ಪ ಅಂಗಡಿ ಬಿಟ್ಟು ಓಡಿ ಬರುತ್ತಿದ್ದ. ಅವಳು ಯಾಕೆ ಹೇಳಲಿಲ್ಲ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಅವಳು ಹೇಳಿದಳು, ಅವನು ತಿದ್ದಿದ.”