ನಕ್ಷೆಗಾರನ ಮೋಡೆಮ್

"ಗುರುಗಳೇ, ಮನೆ ಬಿಟ್ಟು ಮಠದಲ್ಲೇ ಇದ್ದುಬಿಡಲೇ?" ಎಂದು ಚಿದಂಬರ ಕೇಳಿದ.

ಧ್ಯಾನಕ್ಕೆ ಕೂತರೆ ಅವನ ಕಣ್ಣ ಮುಂದೆ ಒಂದು ಬೆಳಕು ಮೂಡುತ್ತಿತ್ತು. ಅದರೊಳಗೆ ಹೋದರೆ ಲೋಕದ ಕರೆ ಯಾವುದೂ ಕೇಳಿಸುತ್ತಿರಲಿಲ್ಲ. ಹಿಂದಿನ ದಿನ ಪಕ್ಕದ ಕೋಣೆಯಲ್ಲೇ ಅವನ ಪುಟ್ಟ ಮಗಳು ಜ್ವರದಲ್ಲಿ ಅಪ್ಪಾ ಅಪ್ಪಾ ಎಂದು ಕರೆದಿದ್ದಳು. ಇವನಿಗೆ ಕೇಳಿಸಲಿಲ್ಲ. ಹೆಂಡತಿ ಅತ್ತಳು.

"ಎರಡರಲ್ಲಿ ಒಂದನ್ನು ಬಿಡಲೇಬೇಕು. ಬೆಳಕನ್ನು ಬಿಡಲಾರೆ" ಎಂದ.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ನಕ್ಷೆಗಾರನಿದ್ದ. ಅವನ ಕಂಪ್ಯೂಟರಿಗೆ ಎರಡು ಕೆಲಸ. ಮೌಸ್ ಹಿಡಿದು ಅದರ ಬಣ್ಣದ ಪರದೆಯ ಮೇಲೆ ಅವನು ಕಡಲಿನ ನಕ್ಷೆ ಬರೆಯುತ್ತಿದ್ದ. ಫೋನ್ ತಂತಿಯಲ್ಲಿ ಬರುವ ಬಿರುಗಾಳಿಯ ಸುದ್ದಿಯನ್ನು ಮೋಡೆಮ್ ಅದಕ್ಕೆ ತಲುಪಿಸುತ್ತಿತ್ತು. ಸುದ್ದಿ ಬಂದರೆ ಅವನು ದಡದಲ್ಲಿ ಕೆಂಪು ಬಾವುಟ ಏರಿಸಬೇಕು. ಅದನ್ನು ಕಂಡ ದೋಣಿಗಳು ಕಡಲಿಗಿಳಿಯುತ್ತಿರಲಿಲ್ಲ. ಆ ದೋಣಿಗಳಲ್ಲಿ ಅವನ ತಮ್ಮನದೂ ಒಂದು.

ಬರೀ ಅಕ್ಷರಗಳ ಕಪ್ಪು ಪರದೆಯಿದ್ದಾಗ ಮೋಡೆಮ್ ಚೆನ್ನಾಗಿಯೇ ಮಾತಾಡುತ್ತಿತ್ತು. ಬಣ್ಣದ ಪರದೆ ತೆರೆದನೋ, ಮೋಡೆಮಿನ ಬಾಯಿ ಕಟ್ಟಿಹೋಗುತ್ತಿತ್ತು. ನಕ್ಷೆಗಾರನಿಗೆ ಇದರ ಪರಿವೆಯೇ ಇಲ್ಲ. ನೀಲಿಯ ಮೇಲೆ ನೀಲಿ ಬಳಿಯುತ್ತ ಕೂತರೆ ಮನೆಯ ಗೋಡೆಗಳು ಮೆಲ್ಲಗೆ ಕರಗಿ, ಮೀನುಗಳು ಕಿಟಕಿಯಿಂದ ಬಂದು ಹೋಗುತ್ತಿದ್ದವು. ಹಾಗೆ ಕೂತ ಒಂದು ಬೆಳಗ್ಗೆ ಬಿರುಗಾಳಿಯ ಸುದ್ದಿ ಬಂತು. ಬಾವುಟ ಏರಲಿಲ್ಲ. ಮೂರು ದಿನದ ಮೇಲೆ ತಮ್ಮ ಒಂದು ಮುರಿದ ಹಲಗೆ ಹಿಡಿದು ದಡ ಸೇರಿದ. ನಕ್ಷೆಗಾರ ಅವನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಶುರುವಾಯಿತು ರಿಪೇರಿ. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಅವನು ಮೊದಲು ಫೋನ್ ತಂತಿಯನ್ನು ಬೈದ. ಬಳಿಕ ಎರಡು ಮೋಡೆಮ್ ಕಿತ್ತೆಸೆದ. ಮೂರನೆಯದೂ ಬಣ್ಣದ ಪರದೆ ಕಂಡೊಡನೆ ಮೂಕವಾಯಿತು. ಕೊನೆಗೆ ಪಕ್ಕದ ಊರಿನಿಂದ ರಿಪೇರಿಯವಳೊಬ್ಬಳನ್ನು ಕರೆಸಿದ.

"ಕೆಟ್ಟಿರೋದು ಯಾವುದಮ್ಮ? ಹೇಳು, ಅದನ್ನೇ ಕಿತ್ತು ಹಾಕ್ತೀನಿ."

"ಯಾವುದೂ ಕೆಟ್ಟಿಲ್ಲ ಅಣ್ಣ. ಕಂಪ್ಯೂಟರನ್ನು ಕರೆಯೋಕೆ ಮೌಸಿಗೂ ಮೋಡೆಮಿಗೂ ಒಂದೇ ಕರೆಗಂಟೆ ಕೊಟ್ಟಿದ್ದೀರಿ. ಬಣ್ಣದ ಪರದೆ ತೆರೆದರೆ ಮೌಸು ಎದ್ದು ಆ ಗಂಟೆ ಹಿಡಿಯುತ್ತೆ. ಆಮೇಲೆ ಮೋಡೆಮ್ ಎಷ್ಟು ಬಾರಿಸಿದರೂ ಕಂಪ್ಯೂಟರು ಮೌಸಿನ ಕಡೆಗೇ ನೋಡುತ್ತೆ."

ಅವಳು ಮೋಡೆಮ್ ಬಿಚ್ಚಿ, ಒಳಗಿದ್ದ ಅಕ್ಕಿಕಾಳಿನಷ್ಟು ಚಿಕ್ಕ ಕೊಂಡಿಯನ್ನು ಕಿತ್ತು ಪಕ್ಕದ ಸೂಜಿಯಂಥ ಲೋಹದ ಕಡ್ಡಿಗೆ ಸಿಕ್ಕಿಸಿದಳು. ಮೋಡೆಮಿಗೆ ಬೇರೆ ಕರೆಗಂಟೆ ಸಿಕ್ಕಿತು. ಅಷ್ಟೇ ಕೆಲಸ. ಮರುವಾರ ನಕ್ಷೆಗಾರ ನೀಲಿಯೊಳಗೆ ಮುಳುಗಿದ್ದಾಗಲೇ ಮೋಡೆಮ್ ಕರೆಯಿತು. ಅವನು ದಡಕ್ಕೆ ಓಡಿ ಬಾವುಟ ಏರಿಸಿದ. ದೋಣಿ ನೂಕುತ್ತಿದ್ದ ತಮ್ಮ ಅದನ್ನು ನೋಡಿ ನಿಂತ. ನಕ್ಷೆಗಾರ ಮನೆಗೆ ಬಂದು ಉಳಿದ ಕಡಲನ್ನು ಬರೆದು ಮುಗಿಸಿದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಚಿದಂಬರ, ನೀನು ಕಿತ್ತೆಸೆಯಲು ಹೊರಟಿರುವ ಮೋಡೆಮಿಗೆ ಜ್ವರ ಇಳಿಯಿತೇ?"

ಚಿದಂಬರನಿಗೆ ಅದು ಗೊತ್ತಿರಲಿಲ್ಲ.