ಬೆಲ್ಲದಂಗಡಿ ಮುಂದೆ ನಿಲ್ಲೋ ಕುದುರೆ

ಶಿಷ್ಯ ಕೇಳಿದ: "ಬುದ್ಧೀ, ಮರೀಬೇಕು ಅಂತ ಹೋದವನಿಗೆ ನೆನಪಿನ ಮಾತ್ರೆ ಕೊಡ್ತಾರಲ್ಲ, ಆ ಡಾಕ್ಟ್ರ ತಲೆ ನೆಟ್ಟಗಿದೆಯಾ?"

ಗುರುಗಳು ಮಧ್ಯಾಹ್ನದ ಸಾರಿಗೆ ಅವರೆಕಾಯಿ ಬಿಡಿಸ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

ಈ ಶಿಷ್ಯ ಮೊದಲು ಕೊಕೇನ್ ಮೂಗಿಗೇರಿಸುತ್ತಿದ್ದವನು. ಬಿಟ್ಟಿದ್ದ, ಮತ್ತೆ ಹಿಡಿದಿದ್ದ, ಮತ್ತೆ ಬಿಟ್ಟು ಮಠ ಸೇರಿದ್ದ. ಇನ್ನೊಂದು ಸಲ ಹಿಡಿದರೆ ಎದೆ ತಡೆಯಲ್ಲ ಅಂತ ಡಾಕ್ಟ್ರು ಹೇಳಿಯಾಗಿತ್ತು. ದಿನಾ ಬೆಳಗ್ಗೆ ಆಸ್ಪತ್ರೆಗೆ ಹೋಗಿ, ಮಠದ ಊಟದ ಗಂಟೆ ಹೊಡೆದ ಮೇಲೆ ವಾಪಸ್ ಬರ್ತಿದ್ದ.

"ಅಲ್ಲಿ ಏನು ಮಾಡಿಸ್ತಾರಪ್ಪ?" ಅಂದರು ಗುರುಗಳು.

"ಕನ್ನಡಿ ಮೇಲೆ ಕೊಕೇನ್ ಥರಾನೇ ಮೈದಾ ಹಿಟ್ಟಲ್ಲಿ ಗೆರೆ ಎಳೆದು ಮುಂದಿಡ್ತಾರೆ. ಪಕ್ಕದಲ್ಲಿ ಮೂಗಿಗೇರಿಸೋಕೆ ಸುರುಳಿ ಸುತ್ತಿದ ನೋಟು. ಚಟ ಇದ್ದಾಗ ನಾನು ಕೇಳ್ತಿದ್ದ ಹಾಡನ್ನೇ ಹಾಕ್ತಾರೆ. ಆಸೆ ನೆತ್ತಿಗೇರುತ್ತೆ, ಸಿಗೋದು ಸೊನ್ನೆ. ಅದು ತಾನಾಗಿ ಇಳಿಯೋ ತನಕ ಕೂತಿರಬೇಕಂತೆ. ಇಳಿದ ಮೇಲೆ ನುಂಗು ಅಂತ ಮಾತ್ರೆ ಕೈಗೆ ಕೊಟ್ಟಿರ್ತಾರೆ. ಇವತ್ತಂತೂ ಆಸೆ ಜಾಸ್ತೀನೇ ಆಗಿದೆ. ಆ ಮೈದಾನಾದ್ರೂ ಬೋಂಡಕ್ಕಾಗುತ್ತೆ ಬುದ್ಧೀ, ಮಾತ್ರೆ ಅದಕ್ಕೂ ಆಗಲ್ಲ."

ಗುರುಗಳು ಕತೆ ಹೇಳಿದರು.

ಒಬ್ಬ ಟಾಂಗಾದವನಿದ್ದ. ಅವನ ಕುದುರೆಗೆ ದಾರಿಯಲ್ಲಿ ಒಬ್ಬ ಅಂಗಡಿಯವನು ದಿನಾ ಬೆಲ್ಲ ತಿನ್ನಿಸ್ತಿದ್ದ. ಅಂಗಡಿ ಮುಚ್ಚಿಹೋಯಿತು. ಕುದುರೆ ನಿಲ್ಲೋದು ಮುಚ್ಚಲಿಲ್ಲ. ಬೀದಿ ದೊಡ್ಡದಾಯಿತು, ಬಸ್ಸು ಬಂತು. ಒಂದು ದಿನ ಕುದುರೆ ನಡುರಸ್ತೇಲಿ ಗಕ್ಕನೆ ನಿಂತಾಗ ಬಸ್ಸು ಗಾಡಿಯ ಚಕ್ರ ಸವರಿಕೊಂಡು ಹೋಯಿತು. ಇನ್ನೊಂದು ಸಲ ಹಾಗಾದರೆ ಇಬ್ಬರೂ ಉಳಿಯಲ್ಲ ಅಂತ ಟಾಂಗಾದವನಿಗೆ ಗೊತ್ತಾಯಿತು.

ಆ ಬೀದಿ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಓಡಾಡಿದ. ಕುದುರೆ ಎಲ್ಲೂ ನಿಲ್ಲಲಿಲ್ಲ. ಮರೆತಿದೆ ಅಂದುಕೊಂಡು ಮಳೆಗಾಲ ಮುಗಿದ ಮೇಲೆ ಹಳೇ ಬೀದಿಗೆ ಬಂದ. ಕುದುರೆ ಅಲ್ಲೇ ನಿಂತಿತು.

ವೈದ್ಯನ ಹತ್ತಿರ ಹೋದ. ವೈದ್ಯ ಒಂದು ಸೊಪ್ಪು ಕೊಟ್ಟ. "ಬೀದಿ ಖಾಲಿ ಇರೋ ಹೊತ್ತಲ್ಲಿ ಅಂಗಡಿ ಮುಂದೇನೇ ಕರ್ಕೊಂಡು ಹೋಗು. ಹೊಡೀಬೇಡ, ಎಳೀಬೇಡ, ಏನೂ ಕೊಡಬೇಡ. ಬೇಜಾರಾಗಿ ತಾನೇ ಹೆಜ್ಜೆ ಇಡುತ್ತೆ. ಆಗ ತಿನ್ನಿಸು. ಇದು ನೆನಪಿನ ಸೊಪ್ಪು."

ಕುದುರೆ ನಿಂತಿತು. ನೆಲ ಕೆರೀತು, ಕೆನೆಯಿತು, ಟಾಂಗಾದವನ ಹೆಗಲು ನೆಕ್ಕಿತು. ಅವನಿಗೆ ಪಾಪ ಅನಿಸಿತು. ಸೊಂಟದಲ್ಲಿದ್ದ ಬೆಲ್ಲದ ಚೂರು ಬಾಯಿಗಿಟ್ಟು ಮನೆಗೆ ಹೊಡಕೊಂಡು ಬಂದ. ವೈದ್ಯ ಹೇಳಿದ್ದಾನಲ್ಲ ಅಂತ ಸೊಪ್ಪನ್ನೂ ನಿಯತ್ತಾಗಿ ತಿನ್ನಿಸಿದ. ದಿನಾ ಹೀಗೇ ನಡೀತು. ಆಮೇಲಾಮೇಲೆ ಕುದುರೆ ಅಂಗಡಿ ಇರಲಿ, ಬೀದಿ ಮೂಲೆ ಕಂಡರೂ ನಿಲ್ಲೋಕೆ ಶುರು ಮಾಡಿತು.

ಟಾಂಗಾದವನು ಸೊಪ್ಪಿನ ಕಟ್ಟು ವೈದ್ಯನ ಮುಂದೆ ಎಸೆದ. "ತಗೋ ನಿನ್ನ ಸೊಪ್ಪು. ಸುಳ್ಳು ಸೊಪ್ಪು!"

ವೈದ್ಯ ಕಟ್ಟನ್ನು ಎತ್ತಿಕೊಂಡ. "ಸೊಪ್ಪು ಸುಳ್ಳು ಹೇಳಲ್ಲ ಮಾರಾಯ. ಕುದುರೆ ಈಗಷ್ಟೇ ಏನು ಕಲಿತೋ ಅದನ್ನ ಗಟ್ಟಿ ಮಾಡುತ್ತೆ. ಬೆಲ್ಲ ಸಿಗಲ್ಲ ಅಂತ ಕಲಿತಿದ್ರೆ ಅದನ್ನ. ಅತ್ತರೆ ಸಿಗುತ್ತೆ ಅಂತ ಕಲಿತಿದ್ರೆ ಅದನ್ನೂ."

ಟಾಂಗಾದವನು ಸೊಂಟದ ಬೆಲ್ಲ ಬಿಸಾಕಿ ಮತ್ತೆ ಹೋದ. ಕುದುರೆ ನಿಂತಿತು. ಇವನೂ ನಿಂತ. ಬಿಸಿಲು ಏರಿತು. ಕುದುರೆ ಒಂದು ಸಲ ಅಂಗಡಿ ಬಾಗಿಲು ನೋಡಿ, ಮೂಗು ಊದಿ, ತಾನೇ ಹೆಜ್ಜೆ ಹಾಕಿತು. ಆವಾಗ ಸೊಪ್ಪು ತಿನ್ನಿಸಿದ.

ಕತೆ ಮುಗೀತು. ಅವರೆಕಾಯಿ ಇನ್ನೂ ಅರ್ಧ ಬುಟ್ಟಿ ಇತ್ತು.

"ಹಾಗಾದ್ರೆ ಕುದುರೆ ಬೆಲ್ಲ ಮರೀತು ಅನ್ನಿ," ಅಂದ ಶಿಷ್ಯ.

"ಎಲ್ಲಿ ಮರೀತು? ಇವತ್ತಿಗೂ ಅಲ್ಲಿ ಹೋಗುವಾಗ ಕಿವಿ ತಿರುಗುತ್ತೆ. ಕಾಲು ನಿಲ್ಲಲ್ಲ, ಅಷ್ಟೇ."

ಶಿಷ್ಯ ನಕ್ಕ. "ಕುದುರೆ ಪುಣ್ಯ ಮಾಡಿತ್ತು ಬಿಡಿ, ಅದಕ್ಕೆ ಒಳ್ಳೇ ಸೊಪ್ಪು ಸಿಕ್ಕಿತು. ನನ್ನ ಮಾತ್ರೆ ಮಾತ್ರ ಬೋಗಸ್ಸು. ಈಗ ದಾರೀಲಿ ಬರ್ತಾ ಇವತ್ತಿಂದನ್ನೂ ನುಂಗಿದೆ, ಏನೂ ಇಲ್ಲ."

ಗುರುಗಳು ಮೊದಲ ಸಲ ತಲೆ ಎತ್ತಿದರು.

"ಊಟದ ಗಂಟೆ ಇನ್ನೂ ಹೊಡೆದೇ ಇಲ್ಲ, ಆಸೆ ಇಳಿಯೋ ಮುಂಚೆ ಎದ್ದು ಬಂದವನು, ಮಾತ್ರೆ ಯಾಕಪ್ಪಾ ನುಂಗಿದೆ?"