ಹೆಪ್ಪಿಗೆ ಒಂದಿಷ್ಟು ಮೊಸರು

ರಾಯಭಾರಿ ಕೇತಣ್ಣ ತನ್ನ ಗುರುಗಳ ಆಶ್ರಮ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಬಂದವನೇ ಜಗುಲಿಯ ಮೇಲೆ ಕುಸಿದು ಕೂತ. ಕಾಲು ತೊಳೆಯುವಷ್ಟೂ ತ್ರಾಣವಿರಲಿಲ್ಲ, ಪಾಪ.

"ಏನಪ್ಪಾ, ಮತ್ತೆ ಬೆಟ್ಟನಾಡಿನಿಂದಲೇ?" ಎಂದರು ಗುರು ಮರುಳಯ್ಯನವರು.

"ಅಲ್ಲಿಂದಲೇ. ಮತ್ತೆ ಬರಿಗೈಲಿ."

ಕೇತಣ್ಣ ಕಡಲನಾಡಿನವನು. ಎರಡು ನಾಡಿಗೂ ಅಜ್ಜಂದಿರ ಕಾಲದ ಸ್ನೇಹ. ಒಂದು ಬಿರುಸು ಮಾತು ಆಡಿದವರಲ್ಲ. ಆದರೆ ಸ್ನೇಹ ಇದ್ದ ಮಾತ್ರಕ್ಕೆ ಗಾಡಿ ಓಡುತ್ತದೆಯೇ? ಘಟ್ಟದ ದಾರಿಯನ್ನು ಬೆಟ್ಟನಾಡಿನವರು ವ್ಯಾಪಾರಕ್ಕೆ ತೆರೆದಿರಲಿಲ್ಲ. ಅದನ್ನು ತೆರೆಸಲು ಓಡಾಡಿ ಓಡಾಡಿಯೇ ಕೇತಣ್ಣನ ತಲೆ ನರೆತಿತ್ತು.

"ದಂಡೆಯಲ್ಲಿ ಉಪ್ಪು ಗುಡ್ಡೆ ಗುಡ್ಡೆ ಬಿದ್ದಿದೆ, ಗುರುಗಳೇ. ಮಳೆ ಹಿಡಿದರೆ ಕರಗಿ ಮತ್ತೆ ಸಮುದ್ರಕ್ಕೇ. ಉಪ್ಪು ಬೆಳೆಯುವ ಆಗರದ ಜನ ವರ್ಷವೆಲ್ಲ ಏನು ತಿನ್ನಬೇಕು?"

"ಬೆಟ್ಟದ ದೊರೆ ಏನಂದ?"

"ನಾವೂ ನೀವೂ ಅಣ್ಣತಮ್ಮಂದಿರು ಅಂದ. ಹಾರ ಹಾಕಿದ. ದಾರಿಯ ಮಾತೆತ್ತಿದರೆ, 'ನೋಡೋಣ, ಮೊದಲು ಊಟ ಮಾಡಿ' ಅಂದ. ಉಂಡು ಉಂಡು ನನ್ನ ಹೊಟ್ಟೆ ಕೆಟ್ಟಿತೇ ಹೊರತು ದಾರಿ ತೆರೆಯಲಿಲ್ಲ."

"ನೀನೇನು ಒಯ್ದಿದ್ದೆ?"

"ಏನು ಒಯ್ಯಲಿಲ್ಲ ಅಂತ ಕೇಳಿ! ಕೊಬ್ಬರಿ, ಮುತ್ತಿನ ಸರ, ರಾಣಿಗೆ ರೇಷ್ಮೆ."

"ಅವರು?"

"ಕಂಬಳಿ ಹೊದಿಸೋಕೆ ಬಂದರು. ತಾವೇ ನೇಯ್ದದ್ದಂತೆ. ಆ ಚಳಿಗೆ ನನ್ನ ಹಲ್ಲು ಕಟಕಟ ಅಂತಿತ್ತು. ಆದರೂ ಬೇಡ ಅಂದೆ. ಕೊಡುವ ನಾಡು ಕೈಯೊಡ್ಡಿದರೆ ಮರ್ಯಾದೆ ಉಳಿಯುತ್ತದೆಯೇ?"

ಗುರುಗಳು ಕಾಯಿಸಿದ ಹಾಲನ್ನು ಒಲೆಯಿಂದ ಇಳಿಸಿದರು. ಒಂದು ಪುಟ್ಟ ಬಟ್ಟಲನ್ನು ಅವನ ಕೈಗಿತ್ತರು.

"ಪಕ್ಕದ ಹೊನ್ನವ್ವನ ಹತ್ತಿರ ಹೆಪ್ಪಿಗೆ ಒಂದಿಷ್ಟು ಮೊಸರು ಕೇಳಿಕೊಂಡು ಬಾ."

ಕೇತಣ್ಣ ತಲೆಯೆತ್ತಿದ. ನೆಲುವಿನಲ್ಲಿ ಮೊಸರಿನ ಗಡಿಗೆ ತೂಗುತ್ತಿತ್ತು.

"ನಮ್ಮಲ್ಲೇ ಇದೆಯಲ್ಲ!"

"ಇದೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಬೇಗ ಹೋಗು."

ಆ ಹೊನ್ನವ್ವನೆಂದರೆ ಕೇತಣ್ಣನಿಗೆ ಗೊತ್ತಿಲ್ಲವೇ? ಆಶ್ರಮದವರು ನೀರಿಗೆ ಹೋಗುವ ದಾರಿಗೇ ಬೇಲಿ ಹಾಕಿ ಕೂತ ಮುದುಕಿ. ಬದನೆ, ಸೌತೆ ಅಂತ ಶಿಷ್ಯರು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ತೆಗೆದುಕೊಳ್ಳುತ್ತಿದ್ದಳು, ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮುಳ್ಳುಕಂಟಿ ಸುತ್ತಿ ಬಳಸಿ, ಕಾಲೆಳೆಯುತ್ತ ಹೋದ.

"ಏನು ತಂದೆ?" ಎಂದಳು ಹೊನ್ನವ್ವ, ಒಳಗಿನಿಂದಲೇ.

"ತಂದಿಲ್ಲವ್ವ. ಹೆಪ್ಪಿಗೆ ಒಂದಿಷ್ಟು ಮೊಸರು ಬೇಕಿತ್ತು."

ಬಾಗಿಲು ಪೂರ್ತಿ ತೆರೆಯಿತು.

"ನನ್ನ ಹತ್ರವಾ? ಆ ನಿಮ್ಮ ಗುರುಗಳು ಕೇಳಿದರಾ?" ಮುದುಕಿ ಸೆರಗು ಸರಿ ಮಾಡಿಕೊಂಡಳು. "ಈಗ ನೆನಪಾಯಿತಾ, ಪಕ್ಕದಲ್ಲಿ ಒಬ್ಬಳು ಇದ್ದಾಳೆ ಅಂತ? ನನ್ನ ಹಸುವಿನ ಮೊಸರು ಅಂದರೆ ಚಾಕುವಿನಲ್ಲಿ ಕೊಯ್ಯಬೇಕು, ತಿಳಕೋ. ಹಾಲು ಉಗುರುಬೆಚ್ಚಗಿರಲಿ. ಸುಡುಸುಡು ಹಾಲಿಗೆ ಹಾಕಿ, ಆಮೇಲೆ ನನ್ನ ಹೆಪ್ಪಿಗೆ ಹೆಸರಿಡಬೇಡಿ ಮತ್ತೆ!"

ಬಟ್ಟಲು ತುಂಬಿ ಕೊಟ್ಟಳು. ಅವನು ಹೊರಡುವಾಗ ಕೂಗಿದಳು:

"ಲೋ ತಮ್ಮಾ! ನಾಳೆ ಬಟ್ಟಲಿಗೆ ಏನಾದರೂ ಹಾಕಿ ತರೋನಲ್ವಾ, ಆ ಮುಳ್ಳಲ್ಲಿ ಯಾಕೆ ಬರ್ತೀಯೆ? ಬೇಲಿ ತಡಿಕೆ ತೆಗೆದಿಡ್ತೀನಿ. ಇತ್ತಲಿಂದಲೇ ಬಾ."

ಕೇತಣ್ಣ ಹಿಂತಿರುಗಿದ. ಗುರುಗಳು ಮೊಸರನ್ನು ಹಾಲಿಗೆ ಬೆರೆಸಿ, ಪಾತ್ರೆ ಮುಚ್ಚಿ, ಗೋಡೆಗೊರಗಿ ಕಣ್ಣು ಮುಚ್ಚಿದರು. ಅವರಿಗೂ ವಯಸ್ಸಾಗಿತ್ತು, ದಣಿವಾಗಿತ್ತು.

ಕೇತಣ್ಣ ಹೊರಗೆ ಆಕಾಶ ನೋಡಿದ. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು.

"ಬೆಳಗ್ಗೆ ಮತ್ತೆ ಘಟ್ಟ ಹತ್ತುತ್ತೇನೆ, ಗುರುಗಳೇ."

"ಹೂಂ."

"ದೊರೆಯ ಮುಂದೆ ಈ ಸಲ ಏನಿಡಲಿ?"

ಗುರುಗಳು ಕಣ್ಣು ತೆರೆಯಲಿಲ್ಲ.

"ಅಲ್ಲಿ ಚಳಿ ಅಂದೆಯಲ್ಲ. ಚಳಿಯಾಗುತ್ತಿದೆ ಅಂತ ಹೇಳು."